ಅಕೆಯೊಳ ಸ್ವಂತ ದನಿ

"ಬೇಹುಗಾರಿಕೆಗೆ ಬಂದಿದ್ದೀಯಾ?" ಮೀನಿನ ಹೋಟೆಲಿನ ಬಾಗಿಲಲ್ಲೇ ಗಾಯಕಿ ಅಕೆಯೊ ಓಡೆರೊನನ್ನು ತಡೆದಳು.

ಸಿಟ್ಟಿಗೆ ಕಾರಣವಿತ್ತು. ಅವಳು ತಾನು ಹಾಡುತ್ತಿದ್ದ ಸ್ಟುಡಿಯೊ ಬಿಟ್ಟ ಮಾರನೇ ದಿನವೇ ಅದರ ಮಾಲೀಕ ರೇಡಿಯೊದಲ್ಲಿ ನಕ್ಕಿದ್ದ: "ಅಕೆಯೊಗೆ ಎಲ್ಲಿಯ ದನಿ? ಅದನ್ನ ಮಾಡಿದ್ದು ನನ್ನ ಕಂಪ್ಯೂಟರ್." ಅದಕ್ಕೇ ಈ ಭಾನುವಾರ ಮಧ್ಯಾಹ್ನ, ಕಿಸುಮು ಪಟ್ಟಣದ ಸರೋವರದ ದಡದಲ್ಲಿ, ಎಲ್ಲರೆದುರು ಹಾಡುತ್ತೇನೆಂದು ಅವಳು ಸಾರಿದ್ದಳು. ಓಡೆರೊ ಅದೇ ಸ್ಟುಡಿಯೊದ ಸೌಂಡ್ ಎಂಜಿನಿಯರ್.

"ಇಲ್ಲಮ್ಮಾ, ಕೆಲಸಕ್ಕೆ ಬಂದಿದ್ದೀನಿ." ಅವನು ಚೀಲದಿಂದ ಇಟ್ಟಿಗೆಯಷ್ಟು ದೊಡ್ಡ ಡಬ್ಬಿಯೊಂದನ್ನು ತೆಗೆದ: ಮೈಕನ್ನು ಕಂಪ್ಯೂಟರಿಗೂ ಸ್ಪೀಕರಿಗೂ ಜೋಡಿಸುವ ಆಡಿಯೊ ಇಂಟರ್‌ಫೇಸ್.

"ಲ್ಯಾಪ್‌ಟಾಪ್ ಎಲ್ಲಿ?"

"ಬೇಡ. ಇದಕ್ಕೆ ಕರೆಂಟ್ ಇದ್ರೆ ಸಾಕು. ಮೈಕಿನ ಸದ್ದು ಎಷ್ಟಿರಬೇಕು ಅಂತ ಮನೇಲೇ ಹೊಂದಿಸಿದ್ದೀನಿ. ಕಂಪ್ಯೂಟರಿಂದ ಕಿತ್ತರೂ ಇದು ಮರೆಯಲ್ಲ. ನಿನ್ನ ದನಿ ಇದರೊಳಗೆ ಹೋಗಿ ಸೀದಾ ಸ್ಪೀಕರ್‌ಗೆ."

"ಕೆಲಸ ಹೋಗುತ್ತೆ ನಿಂದು."

"ಹೋಗ್ಲಿ."

ಅವನು ಹೆಡ್‌ಫೋನನ್ನು ಅವಳ ಜಡೆಗಳ ಮೇಲೆ ಮೆಲ್ಲಗೆ ಕೂರಿಸಿದ.

"ಕೂರಿಸಿ ಆಯ್ತಲ್ಲ, ಇನ್ನೂ ಯಾಕೆ ಕೈ ತೆಗೆದಿಲ್ಲ?"

"ಜನರೇಟರ್ ಅದುರ್ತಿದೆ, ಜಾರುತ್ತೆ ಅಂತ."

"ಜನರೇಟರ್ ಇನ್ನೂ ಶುರುವೇ ಆಗಿಲ್ಲ, ಓಡೆರೊ."

ಅವನು ತಲೆ ತಗ್ಗಿಸಿ ವೈರ್ ಹುಡುಕತೊಡಗಿದ.

ಜನ ಸೇರಿದರು. ಮಾಲೀಕನೂ ಬಂದು ಮುಂದಿನ ಬೆಂಚಿನಲ್ಲೇ ಕೂತ. "ಲ್ಯಾಪ್‌ಟಾಪ್ ಎಲ್ಲೋ ಬಚ್ಚಿಟ್ಟಿದ್ದಾರೆ!" ಎಂದು ಕೂಗಿದ.

ಓಡೆರೊ ಮೇಜಿನ ಬಟ್ಟೆ ಎಳೆದು ಬಿಸಾಕಿದ. ಮೇಜಿನ ಕೆಳಗೆ ಏನೂ ಇರಲಿಲ್ಲ. ಅವನು ಡಬ್ಬಿಯನ್ನು ಎತ್ತಿ ತಿರುಗಿಸಿದ; ಕಂಪ್ಯೂಟರಿನ ವೈರ್ ಸಿಕ್ಕಿಸುವ ಜಾಗ ಖಾಲಿ. "ಬಂದು ಕೈಯಿಟ್ಟು ನೋಡಿ ಸರ್."

ಮಾಲೀಕ ಏಳಲಿಲ್ಲ. ಅಕೆಯೊ ಹಾಡಿದಳು.

ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಮಾಲೀಕ ತೊಡೆ ತಟ್ಟಿ ನಕ್ಕ. ಅವಳು ಅವನನ್ನೇ ದಿಟ್ಟಿಸುತ್ತ ಅದೇ ಸಾಲನ್ನು ಇನ್ನೂ ಎತ್ತರಕ್ಕೆ ಹಾಡಿದಳು. ಮೀನು ಕರಿಯುತ್ತಿದ್ದ ಹೆಂಗಸರು ಸೌಟು ಬಿಟ್ಟು ಬಂದು ಕೇಕೆ ಹಾಕಿದರು, ಕುಣಿದರು.

"ಓಡೆರೊ, ನಾಳೆಯಿಂದ ಕೆಲಸಕ್ಕೆ ಬರಬೇಡ!" ಮಾಲೀಕ ಕಿರುಚಿದ.

"ಇವತ್ತಿಂದಲೇ ಬರಲ್ಲ ಸರ್."

ಹಾಡು ಮುಗಿದ ಮೇಲೆ ಅಕೆಯೊ ಓಡೆರೊನತ್ತ ಬಗ್ಗಿ ಕೇಳಿದಳು, "ಅಲ್ಲೊಂದು ಕಡೆ ಕೆಟ್ಟುಹೋಯ್ತಲ್ವಾ?"

"ಹೂಂ. ಸ್ಟುಡಿಯೊದಲ್ಲಿ ಎರಡು ವರ್ಷ ಅಂಥವನ್ನೆಲ್ಲ ನಾನೇ ಅಳಿಸಿದ್ದು. ಅಳಿಸೋ ಮುಂಚೆ ಒಂದೊಂದನ್ನೂ ಹತ್ತು ಸಲ ಕೇಳ್ತಿದ್ದೆ."

"ಯಾಕೆ?"

"ನೀನಂದ್ರೆ ಇಷ್ಟ. ಅದಕ್ಕೆ."

ಇಡೀ ದಡ ನೋಡುತ್ತಿತ್ತು. ನೋಡಲಿ ಎಂದೇ ಅವಳು ಅವನ ಕೈ ಹಿಡಿದಳು. ಇನ್ನೊಂದು ಕೈಯಲ್ಲಿ ಮೈಕ್ ಎತ್ತಿದಳು.

"ಇನ್ನೂ ಹಾಡುಗಳಿವೆ. ಯಾರೂ ಎದ್ದು ಹೋಗಬೇಡಿ."