ಕಾಲು ಭಾಗ ಖಾಲಿ ಇರಲಿ

“ಏನ್ರೀ ಇದು, ಈ ಟ್ಯಾಬ್‌ನಲ್ಲಿ ಒಂದು ಇರುವೆ ಕೂರೋಕೂ ಜಾಗ ಇಲ್ಲ!”

ಸ್ಕಂದ ನಕ್ಕುಬಿಟ್ಟ. ಕೃಪಾಳ ಕಿವಿ ಬಿಸಿಯಾಯಿತು. ಮನೆಗೆ ಮೊದಲ ಸಲ ಬಂದವನು, ಕೊಟ್ಟ ಚಹಾ ಇನ್ನೂ ಮುಟ್ಟಿಲ್ಲ, ಆಗಲೇ ಅವಳ ಟ್ಯಾಬ್ಲೆಟ್ಟಿನ ಹೊಟ್ಟೆಯೊಳಗೆ ಕೈಹಾಕಿದ್ದ.

ಅವನನ್ನು ಎರ್ನಾಕುಳಂ ಪಕ್ಕದ ತ್ರಿಪ್ಪುಣಿತ್ತುರದ ಫ್ಲ್ಯಾಟಿಗೆ ಕರೆಸಿದ್ದು ಬ್ಯಾಂಕಿನಲ್ಲಿದ್ದ ಭಾವ ಗಣಪತಿ. ತಿರುವನಂತಪುರದ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ, ಎರ್ನಾಕುಳಂನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಕೌಸಲ್ಯಾ ಟೀಚರ್ ಹಾಡುತ್ತಾರೆ. ಅದೇ ಹೊತ್ತಿಗೆ ಕೃಪಾ ವೇದಿಕೆಯ ಮೇಲೆ ಕೂತು ಹಾಡಿಗೆ ತಕ್ಕ ಚಿತ್ರ ಬರೆಯಬೇಕು, ಅವಳ ಒಂದೊಂದು ಗೆರೆಯೂ ದೊಡ್ಡ ಪರದೆಯ ಮೇಲೆ ಮೂಡಬೇಕು. ಪರದೆ, ಕೇಬಲ್ಲಿನ ಹೊಣೆ ತಿರುವನಂತಪುರದ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಈ ಮೈಸೂರಿನವನದು.

ಪುತ್ತೂರಿನ ಕೃಪಾ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಕನ ಮಗುವನ್ನು ನೋಡಿಕೊಳ್ಳಲು ಇಲ್ಲಿಗೆ ಬಂದಿದ್ದಳು. ನಾಲ್ಕು ಜನ ಕೂತಲ್ಲಿ ಅವಳ ದನಿ ಗಂಟಲು ದಾಟುತ್ತಿರಲಿಲ್ಲ. ಆದರೂ ಈ ಕಾರ್ಯಕ್ರಮಕ್ಕೆ ಹೂಂ ಅಂದಿದ್ದಳು, ಯಾಕೆಂದರೆ ಚಿತ್ರ ಚೆನ್ನಾಗಿ ಬಂದರೆ ಎರ್ನಾಕುಳಂನ ಕನ್ನಡ ಮಕ್ಕಳಿಗೆ ಭಾನುವಾರ ಚಿತ್ರ ಕಲಿಸುವ ಕೆಲಸ ನಿನಗೇ ಎಂದು ಟೀಚರ್ ಮಾತು ಕೊಟ್ಟಿದ್ದರು. ಅವಳದೇ ಎನ್ನಬಹುದಾದ ಮೊದಲ ಕೆಲಸ. ಇಲ್ಲವಾದರೆ, ಮಗು ಶಾಲೆಗೆ ಸೇರಿದೊಡನೆ ಅವಳು ಊರಿನ ಬಸ್ಸು ಹತ್ತಬೇಕು.

“ಕಾಲು ಭಾಗ ಯಾವಾಗ್ಲೂ ಖಾಲಿ ಇರ್ಬೇಕು ಕಣ್ರೀ,” ಎಂದ ಸ್ಕಂದ. “ನೀವು ಬರೀತಾ ಇದ್ರೆ ಅದು ಒಳಗೊಳಗೇ ಏನೇನೋ ಜೋಡಿಸಿಟ್ಕೊಳ್ತಿರುತ್ತೆ. ಜಾಗ ಸಾಲ್ದಿದ್ರೆ ಅರ್ಧಕ್ಕೇ ನಿಂತುಬಿಡುತ್ತೆ. ಸ್ವಲ್ಪ ಅಳಿಸೋಣ.”

“ಆಗುದಿಲ್ಲ.”

“ಯಾವುದನ್ನ?”

“ಯಾವುದನ್ನೂ.”

ಅವನು ಒಂದು ಚಿತ್ರ ತೆರೆದ. “ಇದೇನು?”

“ಬಾಳೆಹೂವು.”

“ಇದು?”

“ಅದೇ ಹೂವು. ಮಧ್ಯಾಹ್ನದ ಬಿಸಿಲಿನಲ್ಲಿ.”

“ಇದು?”

“ಸಂಜೆ. ಎಸಳು ಸ್ವಲ್ಪ ಬಿಚ್ಚಿದೆ, ಕಾಣುದಿಲ್ವಾ?”

“ಅದೃಷ್ಟವಂತ ಬಾಳೆಹೂವು. ನನ್ನನ್ನಂತೂ ಇಷ್ಟು ಗಮನ ಕೊಟ್ಟು ಯಾರೂ ನೋಡಿಲ್ಲಪ್ಪ.”

ಕೃಪಾ ಆಗ ತಲೆಯೆತ್ತಿ ನೋಡಿದಳು. ನಕ್ಕರೆ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಬಲಗೆನ್ನೆ ತನಗೂ ಅದಕ್ಕೂ ಸಂಬಂಧವೇ ಇಲ್ಲದಂತೆ ಸುಮ್ಮನಿತ್ತು. ಅವಳು ನೋಡುತ್ತಲೇ ಇದ್ದಳು. ಸ್ಕಂದ ಗಡಬಡಿಸಿ ಚಹಾ ಗುಟುಕರಿಸಿ ನಾಲಿಗೆ ಸುಟ್ಟುಕೊಂಡ.

ಮುಂದಿನ ಶನಿವಾರಗಳಲ್ಲೂ ಅವನು ಬಂದ. ಒಂದೊಂದು ಚಿತ್ರಕ್ಕೂ ಅವಳ ಒಪ್ಪಿಗೆ ಕೇಳಿ, ಬೇಕಾದ್ದನ್ನು ಪೆನ್‌ಡ್ರೈವಿಗೆ ಹಾಕಿ, ಬೇಡದ್ದನ್ನು ಅಳಿಸಿದ.

“ಕೇಬಲ್ ನೋಡ್ಲಿಕ್ಕೆ ಅಷ್ಟು ದೂರದ ಕಳಕ್ಕೂಟಂನಿಂದ ಇಷ್ಟು ಸಲ ಬರ್ಬೇಕಾ ಮಾರಾಯ್ರೆ?” ಎಂದು ಅಕ್ಕ ಸುಮಿತ್ರ ಅಡುಗೆಮನೆಯಿಂದಲೇ ಕೇಳಿದಳು.

“ತುಂಬ ಸೂಕ್ಷ್ಮವಾದ ಕೇಬಲ್ ಅಕ್ಕ.”

“ಹೌದೌದು, ಕೇಬಲ್ಲಿನ ಮುಖ ಕೆಂಪಾದ್ದು ಇಲ್ಲಿಗೇ ಕಾಣ್ತದೆ.”

ಕೃಪಾ ಪೆನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದಳು. ಅಲ್ಲಿ ಅವನೂ ಬಗ್ಗಿದ್ದ. ಪೆನ್ನು ಮೇಜಿನ ಮೇಲೇ ಇತ್ತು.

ಕಾರ್ಯಕ್ರಮದ ದಿನ ಟ್ಯಾಬ್ಲೆಟ್ಟಿನ ಕಾಲು ಭಾಗ ಚೊಕ್ಕಟವಾಗಿ ಖಾಲಿಯಿತ್ತು. ಬೆಳಿಗ್ಗೆ ಹೆಂಗಸರೆಲ್ಲ ರಂಗೋಲಿ ಹಾಕುತ್ತಿದ್ದಾಗ ಸ್ಕಂದ, “ಪರದೆಗೆ ಒಂದ್ಸಲ ಹಾಕಿ ನೋಡ್ತೀನಿ,” ಎಂದು ಅದನ್ನು ಎತ್ತಿಕೊಂಡು ಹೋದ. ವಾಪಸು ತಂದುಕೊಟ್ಟಾಗ ಅವನ ಹಣೆಯಲ್ಲಿ ಬೆವರಿತ್ತು.

ಸಭಾಂಗಣ ತುಂಬಿತ್ತು. ಕೌಸಲ್ಯಾ ಟೀಚರ್ ದೋಣಿಯ ಹಾಡನ್ನು ಎತ್ತಿಕೊಂಡರು. ಕೃಪಾ ಮೊದಲ ಗೆರೆ ಎಳೆದಳು. ವಲ್ಲಾರ್ಪಾಡಂನ ಬಂದರು. ಕಾಯಲಿನ ಹಿನ್ನೀರು. ಮುಗಿಲಿಗೆ ಕುತ್ತಿಗೆ ಚಾಚಿದ ಕಬ್ಬಿಣದ ಕ್ರೇನು. ಅದು ಹಡಗಿನಿಂದ ಕೋಣೆಯಷ್ಟು ದೊಡ್ಡ ಸರಕಿನ ಪೆಟ್ಟಿಗೆಯೊಂದನ್ನು ಮೇಲೆತ್ತಿತು. ಪೆಟ್ಟಿಗೆ ಗಾಳಿಯಲ್ಲಿ ತೂಗುತ್ತಿರುವಾಗಲೇ ಗೆರೆ ನಿಂತುಹೋಯಿತು.

‘ಸ್ಟೋರೇಜ್ ಭರ್ತಿಯಾಗಿದೆ.’

ಅವಳು ಪೆನ್ನನ್ನು ಮತ್ತೆ ಮತ್ತೆ ಒತ್ತಿದಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಟೀಚರ್ ಪಲ್ಲವಿಗೆ ಮರಳಿ, ಅದನ್ನೇ ತಿರುತಿರುಗಿ ಹಾಡುತ್ತ ಕಣ್ಣಲ್ಲೇ ಏನಾಯಿತೆಂದು ಕೇಳಿದರು. ಓಡಿಹೋಗಬೇಕು ಅನ್ನಿಸಿತು. ಆದರೂ ಕೂತಲ್ಲೇ ಕೂತು, ಜಾಗ ತಿಂದದ್ದು ಯಾವುದೆಂದು ಗ್ಯಾಲರಿ ತೆರೆದಳು.

ದೊಡ್ಡ ಪರದೆಯ ತುಂಬ ಸ್ಕಂದ!

ಸಾಲು ಸಾಲು ವಿಡಿಯೊಗಳು. ಒಂದರಲ್ಲಿ ಕೂದಲು ಸರಿಮಾಡಿಕೊಳ್ಳುವ ಸ್ಕಂದ, ಒಂದರಲ್ಲಿ ನಾಲಿಗೆ ಕಚ್ಚಿಕೊಂಡ ಸ್ಕಂದ, ಇನ್ನೊಂದರಲ್ಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ ಸ್ಕಂದ. ಸಭೆ ಗೊಳ್ಳೆಂದು ನಕ್ಕಿತು. ನೋಡಿ ಬರೆಯಲು ತೆಗೆಯುವಾಗ ಹೂವಿನ ಎಸಳಿನ ನರವೂ ಕಾಣಲೆಂದು ಅವಳು ಟ್ಯಾಬ್ಲೆಟ್ಟಿನ ಕ್ಯಾಮರಾವನ್ನು ಅತಿ ದೊಡ್ಡ ಕ್ವಾಲಿಟಿಗೆ ಇಟ್ಟಿದ್ದಳು. ಆ ಕಾಲು ಭಾಗವನ್ನು ಅವನ ಮುಖವೇ ನುಂಗಿಹಾಕಿತ್ತು.

ಪರದೆಯ ಮರೆಯಿಂದ ಸ್ಕಂದ ಬಗ್ಗಿ ಓಡಿಬಂದು ಅವಳ ಪಕ್ಕ ಮಂಡಿಯೂರಿದ. “ಎಲ್ಲ ಡಿಲೀಟ್ ಮಾಡಿ.”

“ಇದರಲ್ಲಿ ಎಂತ ಉಂಟು?”

“ನಿಮಗೆ ಹೇಳ್ಬೇಕು ಅಂತಿದ್ದದ್ದು. ಸರಿಯಾಗಿ ಬರ್ಲಿಲ್ಲ, ಮತ್ತೆ ಮತ್ತೆ ತೆಗೆದೆ. ಜಾಗ ನೋಡ್ಲೇ ಇಲ್ಲ. ಸಾರಿ ಕೃಪಾ, ಅಳಿಸಿಬಿಡಿ, ಪ್ಲೀಸ್.”

ಬಾಳೆಹೂವಿನ ಒಂದು ಚಿತ್ರ ಅಳಿಸಲೂ ಕಣ್ಣು ತುಂಬಿಕೊಂಡವಳು ಅವಳು. ಎಲ್ಲವನ್ನೂ ಆರಿಸಿ ಒತ್ತಿದಳು. ‘ಶಾಶ್ವತವಾಗಿ ಅಳಿಸಬೇಕೆ?’ ಎಂದು ಅದು ಮತ್ತೆ ಕೇಳಿತು. ಅವಳು ಒಂದು ಕ್ಷಣ ಅವನತ್ತ ನೋಡಿದಳು. ಎಡಗೆನ್ನೆಯ ಗುಳಿ ಮಾಯವಾಗಿತ್ತು. ತಾನು ಹಾಳುಮಾಡಿದೆನೆಂಬ ಭಯ ಆ ಮುಖದಲ್ಲಿ ಎದ್ದು ಕಾಣುತ್ತಿತ್ತು, ಮತ್ತು ಆ ಭಯ ಅವನ ಮಾನಕ್ಕಾಗಿ ಅಲ್ಲ, ಅವಳಿಗಾಗಿ. ನೋಡಬೇಕಾದ್ದನ್ನು ಅವಳು ನೋಡಿಯಾಗಿತ್ತು. ವಿಡಿಯೊ ಬೇಕಿರಲಿಲ್ಲ.

ಒತ್ತಿದಳು. ಎಲ್ಲ ಹೋಯಿತು.

ಮತ್ತೆ ಪೆನ್ನು ಎತ್ತಿಕೊಂಡಳು. ತೂಗುತ್ತಿದ್ದ ಪೆಟ್ಟಿಗೆ ಅವಳ ಗೆರೆಗಳಲ್ಲಿ ಮೆಲ್ಲಗೆ ದಡಕ್ಕಿಳಿಯಿತು, ಬಾಗಿಲು ತೆರೆಯಿತು. ಒಳಗಿನಿಂದ ಒಬ್ಬೊಬ್ಬರೇ ಇಳಿದರು: ರೊಟ್ಟಿಯ ತವೆ ಹಿಡಿದ ಅಜ್ಜಿ, ಬ್ಯಾಂಕಿನ ಬ್ಯಾಗು ನೇತುಹಾಕಿಕೊಂಡ ಗಂಡಸು, ಮಲ್ಲಿಗೆಯ ಕುಂಡವನ್ನು ಅವುಚಿಕೊಂಡ ಮದುಮಗಳು, ಬುರ್ಖಾದ ಮೇಲೆ ಐಡಿ ಕಾರ್ಡು ತೊಟ್ಟ ಹುಡುಗಿ, ಅಂಬೆಗಾಲಿಕ್ಕುವ ಮಗು. ಊರು ಬಿಟ್ಟು ಬಂದ ತಮ್ಮನ್ನೇ ಪರದೆಯಲ್ಲಿ ಕಂಡ ಜನ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. ಕೊನೆಯ ಗೆರೆಯೂ ಹಾಡಿನ ಕೊನೆಯ ಸ್ವರವೂ ಒಟ್ಟಿಗೇ ಮುಗಿದವು.

ಮೊದಲು ಎದ್ದು ನಿಂತವರು ಭಾವ. ಆಮೇಲೆ ಎಲ್ಲರೂ ಎದ್ದರು. ಚಪ್ಪಾಳೆ ನಿಲ್ಲಲೇ ಇಲ್ಲ. ಟೀಚರ್ ಅವಳನ್ನು ಅಪ್ಪಿಕೊಂಡು, “ಬರುವ ಭಾನುವಾರದಿಂದಲೇ ಕ್ಲಾಸು, ಕೇಳಿತಾ?” ಎಂದರು.

ಸ್ಕಂದ ಹೊರಗೆ ಮೆಟ್ಟಿಲ ಮೇಲೆ ಕೂತು ಕೇಬಲ್ ಸುತ್ತುತ್ತಿದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಕೃಪಾ ಹೋಗಿ ಎದುರಿಗೆ ನಿಂತಳು.

“ಈಗ ಹೇಳಿ.”

“ಕ್ಯಾಮರಾ ಮುಂದೇನೇ ಬರ್ಲಿಲ್ಲ ಕಣ್ರೀ. ನಿಮ್ಮ ಮುಂದೆ ಹೇಗೆ...”

“ಹೇಳಿ ಮಾರಾಯ್ರೆ.”

“ಅದೇ... ಅಂದ್ರೆ... ನೀವು ನೋಡ್ತೀರಲ್ಲ, ಹಾಗೆ ನೋಡಿದಾಗ...”

ಆಗ ಬಾಗಿಲಿನಿಂದ ಭಾವ ಕೂಗಿದರು. “ಕೃಪಾ, ಬಾ ಬಾ, ಟ್ರೈನಿಗೆ ಹೊತ್ತಾಯ್ತು!”

“ಒಂದು ನಿಮಿಷ ಭಾವ,” ಎಂದಳು ಕೃಪಾ. “ಇವರಿಗೆ ನನ್ನಲ್ಲಿ ಒಂದು ಮಾತು ಹೇಳ್ಲಿಕ್ಕೆ ಉಂಟು.”

ಗಣಪತಿ ಬೆರಗಾದರು. ಇಷ್ಟು ವರ್ಷದಲ್ಲಿ ಈ ಹುಡುಗಿ ತಮಗೆ ಎದುರು ಮಾತಾಡಿದ್ದು ಇದೇ ಮೊದಲು. ಅವರು ಬಂದು ಮೆಟ್ಟಿಲ ಮೇಲೆ ಆರಾಮಾಗಿ ಕೂತರು. “ಹಾಗಾದ್ರೆ ಹೇಳಿ ಸ್ಕಂದ. ನಾನೂ ಕೇಳ್ತೇನೆ.”

ಸ್ಕಂದ ಕೇಬಲ್ಲನ್ನು ಪಕ್ಕಕ್ಕಿಟ್ಟು ಎದ್ದು ನಿಂತ. ಭಾವನನ್ನು ನೋಡಿದ, ಬೀದಿಯನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ. “ಕೃಪಾ, ನನಗೆ ನಿಮ್ಮ ಮೇಲೆ ಪ್ರೀತಿ. ನನ್ನ ಮದುವೆ ಆಗ್ತೀರಾ?”

ಮಾತು ಸಲೀಸಾಗಿ ಬಂದದ್ದಕ್ಕೆ ಅವನೇ ಬೆಚ್ಚಿಬಿದ್ದ.

“ಆಗ್ತೇನೆ,” ಎಂದಳು ಕೃಪಾ, ಒಳಗೆ ಕುರ್ಚಿ ಮಡಚುತ್ತಿದ್ದವರೆಲ್ಲ ಕೈ ನಿಲ್ಲಿಸಿ ತಿರುಗಿ ನೋಡುವಷ್ಟು ಗಟ್ಟಿಯಾಗಿ.