ಬಾಗಿಲಲ್ಲಿ ಸಿಕ್ಕ ಬೀರು

"ನಿಲ್ಲಿಸಿ! ಅಯ್ಯೋ, ಹೊಸ ಮೇಜಿಗೆ ಸರಪಳಿಯಲ್ಲಿ ಹೊಡೀತಿದ್ದೀರಲ್ಲ!"

ಅವಳು ಅಂಗಳಕ್ಕೆ ಓಡಿಬಂದು ಮೇಜಿಗೂ ಬಡಗಿಗೂ ನಡುವೆ ನಿಂತಳು. ಅವನು ಎತ್ತಿದ ಕೈಯನ್ನು ಹಾಗೆಯೇ ತಡೆದ.

"ಹಳೇ ಕಾಲದ್ದರ ಹಾಗೆ ಕಾಣಬೇಕು ಅಂತ ನಿಮ್ಮತ್ತೆಯವರೇ ಹೇಳಿದ್ದು, ಮೇಡಂ. ಏಟು ಬೀಳದೆ ಮರಕ್ಕೆ ವಯಸ್ಸಾಗೋದು ಹೇಗೆ?"

"ಮರಕ್ಕೆ ನೋವಾಗಲ್ವಾ?" ಎಂದು ಕೇಳಿ ತಾನೇ ನಾಚಿದಳು.

ಅವನು ನಗಲಿಲ್ಲ. ಸರಪಳಿ ಕೆಳಗಿಟ್ಟು, ಮೇಜಿನ ಗಾಯಗಳ ಮೇಲೆ ಅಂಗೈ ಆಡಿಸಿದ.

"ಆಗುತ್ತೇನೋ. ಅದಕ್ಕೇ ಆಮೇಲೆ ಎಣ್ಣೆ ಹಚ್ತೀನಿ."

ಗಂಡ ತೀರಿಕೊಂಡ ಮೇಲೆ ಅವಳೊಡನೆ ಯಾರೂ ಇಷ್ಟು ಮೆಲ್ಲಗೆ ಮಾತಾಡಿರಲಿಲ್ಲ.

ಆ ಪುಟ್ಟ ಮನೆ ಅವಳ ಗಂಡನ ಕನಸು. ಹಂಚಿನ ಮಾಡು, ಕಂಬಿಯ ಕಿಟಕಿ, ಅಜ್ಜಿಯರ ಕಾಲದಂಥ ಸಾಮಾನು... ಗೋಡೆ ಏಳುತ್ತಲೇ ಅವನು ಅದರ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟಿದ್ದ. ಇಲ್ಲಿ ಬೀರು, ಇಲ್ಲಿ ತೂಗುಕುರ್ಚಿ, ಇಲ್ಲಿ ದುಂಡು ಕನ್ನಡಿ. ಗೆರೆಗಳು ಉಳಿದವು, ಎಳೆದವನನ್ನು ದೇವರು ಕರೆದುಕೊಂಡ.

"ನನ್ನ ಮಗ ಬರೆದಿಟ್ಟ ಹಾಗೇ ಆಗಬೇಕು. ಕೂದಲೆಳೆಯಷ್ಟೂ ಆಚೀಚೆ ಆಗಕೂಡದು," ಎಂದಿದ್ದರು ಅತ್ತೆ.

ಮಗನನ್ನು ಕಳೆದುಕೊಂಡ ತಾಯಿಗೆ ಎದುರಾಡುವುದು ಹೇಗೆ? ಸೊಸೆ ತಲೆಯಾಡಿಸಿದಳು. ಒಂದೊಂದು ಸಾಮಾನು ಬಂದು ತನ್ನ ಗೆರೆಯೊಳಗೆ ಕುಳಿತಾಗಲೂ ಅವಳು ಓಡಾಡುವ ಜಾಗ ಕಿರಿದಾಯಿತು. ತೂಗುಕುರ್ಚಿಯಲ್ಲಿ ಕೂರುವಂತಿಲ್ಲ, ಅದು ಅವನದು. ಕನ್ನಡಿಯ ಮುಂದೆ ನಿಂತರೆ ತಾನೂ ಅಲ್ಲಿ ತಂದಿಟ್ಟ ಸಾಮಾನೇ.

'ನನಗೂ ಎಲ್ಲೋ ಒಂದು ಗೆರೆ ಎಳೆದಿಟ್ಟಿದ್ದಾರೇನೋ...'

ಬಡಗಿ ಅಂಗಳದಲ್ಲಿ ಮರ ಉಜ್ಜುವಾಗ, ಎಣ್ಣೆಬಟ್ಟೆ ಹಿಡಿದು ಪಕ್ಕದಲ್ಲಿ ಕುಳಿತಷ್ಟು ಹೊತ್ತು ಮಾತ್ರ ಅವಳಿಗೆ ಗಾಳಿ ಸಿಗುತ್ತಿತ್ತು.

ಕೊನೆಯ ಸಾಮಾನು ಬೀರು. ಅದನ್ನು ತಂದ ಬೆಳಗ್ಗೆ ಅವನು ಅವಳ ಮುಖವನ್ನೇ ನೋಡಲಿಲ್ಲ.

"ಇವತ್ತಿಗೆ ನನ್ನ ಕೆಲಸ ಮುಗೀತು, ಮೇಡಂ."

'ಅಷ್ಟೇನಾ? ಇವನಿಗೆ ನಾನು ಬರೀ ಗಿರಾಕಿನಾ!'

ಕಣ್ಣೀರು ಕಾಣಬಾರದೆಂದು ಅವಳು ಕೋಣೆಯೊಳಗೆ ಸರಿದಳು. ಹಿಂದೆಯೇ ಬೀರು ಬಂತು, ಬಾಗಿಲಲ್ಲಿ ನಿಂತುಬಿಟ್ಟಿತು.

"ಸಾಕು ಅಮ್ಮಾ, ಒಳಗೆ ಹಿಡಿಸಲ್ಲ, ವಾಪಸ್ ಒಯ್ತೀನಿ," ಎಂದ ಬಡಗಿ.

"ಏನು ಸಾಕು? ದೇವರ ಹೆಸರು ಹೇಳಿ ತಳ್ಳಪ್ಪ!" ಅತ್ತೆ ತಾವೇ ಹೆಗಲು ಕೊಟ್ಟರು.

ಖಟ್!

ಬೀರು ಅರ್ಧ ನುಗ್ಗಿ ಚೌಕಟ್ಟಿಗೆ ಕಚ್ಚಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕಿಟಕಿಗೆ ಕಂಬಿ. ಅವಳು ಒಳಗೆ! ಬೀರಿನ ನೆತ್ತಿಯ ಮೇಲೆ ಮಾತು ದಾಟುವಷ್ಟು ಸಂದು ಮಾತ್ರ ಉಳಿದಿತ್ತು.

"ಏನಪ್ಪ, ಅಳತೆ ತಪ್ಪಿದ್ಯಾ?"

"ಗೋಡೆ ಮೇಲಿನ ಗೆರೆಯ ಅಳತೇನೇ, ಅಮ್ಮಾ. ಬಾಗಿಲು ಅದಕ್ಕಿಂತ ಚಿಕ್ಕದು ಅಂತ ನನಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತಾ! ಮತ್ತೆ ಬಾಯಲ್ಲೇನು ಮೊಳೆ ಇಟ್ಕೊಂಡಿದ್ಯಾ?"

ಅವನು ತಡವರಿಸಿದ. "ಹೊಸ್ತಿಲಲ್ಲೇ ನಿಲ್ಲುತ್ತೆ, ಸರಿಮಾಡೋ ನೆಪದಲ್ಲಿ ಇನ್ನಷ್ಟು ದಿನ ಬರಬಹುದು ಅಂದ್ಕೊಂಡೆ. ತಪ್ಪಾಯ್ತಮ್ಮಾ. ಇವರನ್ನ ನೋಡದೆ ಇರೋದು... ನನ್ನಿಂದ ಆಗಲ್ಲ."

ಬೀರಿನ ಈಚೆ ಅವಳು ಹಲಗೆಯ ಮೇಲೆ ಅಂಗೈ ಇಟ್ಟಳು. 'ಹಾಗಾದ್ರೆ ಬೆಳಗ್ಗೆ ಮುಖ ತಿರುಗಿಸಿದ್ದು ಇದಕ್ಕಾ!'

ಅತ್ತೆ ಬೀರನ್ನು ಮತ್ತೊಮ್ಮೆ ಅಲುಗಿಸಿ ನೋಡಿದರು. ಕೊನೆಗೆ, "ಈಗೇನು ದಾರಿ?" ಎಂದರು.

"ಬೀರನ್ನ ಕೊಯ್ಯಬೇಕು."

"ನನ್ನ ಮಗನ ಬೀರನ್ನಾ? ಬೇಡ! ಚೌಕಟ್ಟು ಒಡಿ, ಒಳಗೆ ಹೋಗಲಿ."

"ಅತ್ತೆ..." ಒಳಗಿನಿಂದ ದನಿ ಬಂತು. "ಒಳಗೆ ತರಬೇಡಿ. ನನಗೆ ಉಸಿರು ಕಟ್ತಿದೆ."

"ಕಿಟಕಿ ತೆಗೀ, ಮಗಳೇ!"

"ಇವತ್ತಿಂದಲ್ಲ ಅತ್ತೆ, ಅವರು ಹೋದಾಗಿನಿಂದ. ಅವರನ್ನ ಮರೆತಿಲ್ಲ, ಮರೆಯೋದೂ ಇಲ್ಲ. ಆದ್ರೆ ಈ ಗೆರೆಗಳ ಒಳಗೆ ನನ್ನ ಕೈಲಿ ಬದುಕೋಕಾಗ್ತಿಲ್ಲ..."

"ದೇವರೇ!" ಎಂದು ಅತ್ತೆ ನೆಲಕ್ಕೆ ಕುಸಿದದ್ದು ಕೇಳಿಸಿತು. ಸಾವಾದ ಮನೆಯಲ್ಲಿ ಮೊದಲು ಕಣ್ಣೊರೆಸಿಕೊಳ್ಳಬೇಕಾದವರು ಹಿರಿಯರು. ಅದಕ್ಕೆ ಬೇಕಾದ ಬಲವನ್ನು ಆ ದಯಾಮಯನು ತಡವಾಗಿಯಾದರೂ ಕೊಡುತ್ತಾನೆ.

ಅಳುವೋ ನಗುವೋ ತಿಳಿಯದ ದನಿಯಲ್ಲಿ ಅತ್ತೆ ಹೇಳಿದರು: "ಚಿಕ್ಕಂದಿನಿಂದ ಹಾಗೇ ಅವನು. ಗೋಡೆ ತುಂಬ ಬರೆದ, ಬಾಗಿಲ ಕಡೆ ನೋಡಲೇ ಇಲ್ಲ... ಗರಗಸ ತಗೊಳ್ಳಪ್ಪ. ನನ್ನ ಮಗಳನ್ನ ಆಚೆ ಕರ್ಕೊಂಡು ಬಾ."

ಗರಗಸ ಆಡಿತು. ಹಲಗೆ ಸೀಳಿದ ಕಡೆಯಿಂದ ಮೊದಲು ಬೆಳಕು ಬಂತು, ಆಮೇಲೆ ಅವನ ಕೈ. ಅವಳು ಹಿಡಿದುಕೊಂಡಳು, ಹೊಸ್ತಿಲು ದಾಟಿದ ಮೇಲೂ ಬಿಡಲಿಲ್ಲ. ಅತ್ತೆ ಕಣ್ಣೊರೆಸಿಕೊಳ್ಳುತ್ತಾ ಅಡುಗೆಮನೆಗೆ ನಡೆದರು.

"ಈ ಮರದಲ್ಲಿ ಏನು ಮಾಡಿಕೊಡಲಿ?" ಅವನು ಪಿಸುಗುಟ್ಟಿದ.

"ಎರಡು ಕುರ್ಚಿ. ಅಂಗಳಕ್ಕೆ."

"ಮೂರು!" ಎಂದಿತು ಅಡುಗೆಮನೆ.

ಇಬ್ಬರೂ ನಕ್ಕರು.

"ಹಳೇದರ ಹಾಗೆ ಕಾಣಬೇಕಾ?"

"ಬೇಡ... ಇನ್ನು ಸರಪಳಿ ಮುಟ್ಟಬೇಡಿ. ಅವು ತಾವಾಗೇ ಹಳೇದಾಗಲಿ," ಎಂದಳು. "ನಾವು ಕೂತು, ಎದ್ದು, ಜಗಳ ಆಡಿ..."