ಅಳತೆ ತಪ್ಪಿದ ಸ್ಟೇಷನ್

ಎಮರಿ ಸ್ಟೌಫರ್ ಅಂಗೈಯಗಲದ ಆಟದ ರೈಲ್ವೆ ಸ್ಟೇಷನ್ನೊಂದನ್ನು ಪತ್ರಿಕಾ ಕಚೇರಿಯಲ್ಲಿ ವರ್ನಾಳ ಮೇಜಿನ ಮೇಲಿಟ್ಟ. ಅದರ ಬಾಗಿಲಿಗೆ ಪುಟಾಣಿ ಬೊಂಬೆಯೊಂದನ್ನು ಒರಗಿಸಿದ. ಬಾಗಿಲು ಬೊಂಬೆಯ ಎದೆಮಟ್ಟಕ್ಕಿತ್ತು.

“ಈ ಪುಣ್ಯಾತ್ಮ ಒಳಗೆ ಹೋಗೋದು ಹೇಗೆ ಮಿಸ್? ತೆವಳ್ಕೊಂಡಾ?”

ವರ್ನಾಗೆ ನಗು ಬಂತು, ಹಿಂದೆಯೇ ನಾಚಿಕೆ. ಸ್ಟೇಷನ್ನಿನ ನಕ್ಷೆ ಅವಳದೇ. ಪೆನ್ಸಿಲ್ವೇನಿಯದ ಈ ಸಣ್ಣ ಊರಿನಿಂದ ಹೊರಡುತ್ತಿದ್ದ ‘ಕೋಲ್ ಬ್ರಾಂಚ್’ ಪತ್ರಿಕೆ, ಆಟದ ರೈಲು ಕಟ್ಟುವವರಿಗಾಗಿ ನಕ್ಷೆಗಳನ್ನು ಮಾದರಿಯ ಗಾತ್ರದಲ್ಲೇ ಅಚ್ಚು ಹಾಕುತ್ತಿತ್ತು. ಓದುಗರು ಪುಟವನ್ನು ಹಲಗೆಗೆ ಅಂಟಿಸಿ, ಗೆರೆಯ ಮೇಲೇ ಕತ್ತರಿಸುತ್ತಿದ್ದರು. ವಸಂತದಲ್ಲಿ ಪತ್ರಿಕೆ ಕೊಂಡ ಹೊಸ ಯಜಮಾನರಿಗೆ ಇದೆಲ್ಲ ಎಲ್ಲಿ ಗೊತ್ತು? ಜಾಹೀರಾತಿಗೆ ಜಾಗ ಬೇಕೆಂದು ನಕ್ಷೆಯನ್ನು ಕುಗ್ಗಿಸಿಬಿಟ್ಟಿದ್ದರು.

“ಕತ್ತರಿಸೋ ಮೊದ್ಲು ನೀವು ಅಳತೆ ನೋಡ್ಲಿಲ್ವಾ?” ಎಂದಳು.

“ಹನ್ನೊಂದು ವರ್ಷದಿಂದ ನೋಡಿಲ್ಲ. ಮೂಲೇಲಿ ‘ವಿ.ಎಚ್.’ ಅಂತ ನಿಮ್ಮ ಸಹಿ ಇದ್ರೆ ಕಣ್ಮುಚ್ಕೊಂಡು ಕತ್ತರಿಸ್ತೀನಿ.” ಅವನ ಕಿವಿ ಕೆಂಪಾಯಿತು. “ಯಾರೋ ಮುದುಕಪ್ಪ ಇರ್ಬೇಕು ಅಂದ್ಕೊಂಡಿದ್ದೆ.”

“ನಿರಾಸೆ ಆಯ್ತಾ?”

“ಬೈಯೋಕೆ ಬಂದಿದ್ದೆ. ಮರ್ತೇ ಹೋಯ್ತು.”

ಆಮೇಲೆ ಪ್ರತಿ ವಾರ ಅವನಿಗೊಂದು ನೆಪ. ಒಮ್ಮೆ ಚಾವಣಿಯ ಬಗ್ಗೆ ಅನುಮಾನ, ಒಮ್ಮೆ ಅಕ್ಕ ಮಾಡಿದ ಕಾಕಂಬಿಯ ಪೈ. ಅವನು ಬರುವ ದಿನ ವರ್ನಾ ಮೇಜಿನ ಬಳಿ ಇನ್ನೊಂದು ಕುರ್ಚಿ ಎಳೆದಿಡುತ್ತಿದ್ದಳು.

ಪತ್ರಿಕೆ ಮಾತ್ರ ಸೊರಗುತ್ತ ಹೋಯಿತು. ನಕ್ಷೆ ಅರ್ಧ ಪುಟವಾಯಿತು, ಕಾಲು ಪುಟವಾಯಿತು, ಕೊನೆಗೆ ಇಲ್ಲವೇ ಇಲ್ಲ. ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು. ಇನ್ನು ಪೆನ್ಸಿಲ್ ಮುಟ್ಟುವುದಿಲ್ಲವೆಂದು ವರ್ನಾ ಅಂದು ತೀರ್ಮಾನಿಸಿದಳು.

“ಭಾನುವಾರ ನಮ್ಮನೇಗೆ ಬನ್ನಿ,” ಎಂದ ಎಮರಿ. “ಬೇರೇನೂ ಕೇಳಲ್ಲ.”

ಅವನ ಮನೆಯ ನೆಲಮಾಳಿಗೆಯ ಮೆಟ್ಟಿಲಲ್ಲೇ ವರ್ನಾ ನಿಂತುಬಿಟ್ಟಳು. ಗೋಡೆಯಿಂದ ಗೋಡೆಗೆ ಒಂದು ಊರು! ಅವಳ ನೀರಿನ ತೊಟ್ಟಿ, ಅವಳ ಕಲ್ಲಿದ್ದಲ ಕೊಟ್ಟಿಗೆ, ಹಬ್ಬದ ರಜೆಯಲ್ಲಿ ಒಬ್ಬಳೇ ಕೂತು ಅಳುತ್ತ ಬರೆದಿದ್ದ ಚರ್ಚು. ಕಿಟಕಿ ಕಿಟಕಿಯಲ್ಲೂ ಸಾಸಿವೆಯಷ್ಟು ದೀಪ. ಕಾಗದದ ಮೇಲಷ್ಟೇ ಕಂಡಿದ್ದವೆಲ್ಲ ನೆರಳು ಚೆಲ್ಲುತ್ತ ಎದ್ದು ನಿಂತಿದ್ದವು. ಹನ್ನೊಂದು ವರ್ಷ ತಾನು ಒಂದು ಲೋಕವನ್ನೇ ಬರೆದಿದ್ದೆನೆಂದು ಅವಳಿಗೆ ಈಗ ತಿಳಿಯಿತು. ಕಣ್ಣು ತುಂಬಿತು.

ದೂರದ ಗುಡ್ಡದ ತುದಿಯಲ್ಲಿ ಆ ಅಳತೆ ತಪ್ಪಿದ ಸ್ಟೇಷನ್!

“ಇದನ್ನ ಬಿಸಾಕಿಲ್ವಾ?”

“ಹಿಂದೆ ಇಟ್ರೆ ಅದು ಚಿಕ್ಕದು ಅನ್ಸಲ್ಲ, ದೂರ ಇದೆ ಅನ್ಸುತ್ತೆ. ನೋಡಿ, ಊರು ಎಷ್ಟು ದೊಡ್ಡದಾಯ್ತು!”

ನಿಜ. ರೈಲು ಮೈಲಿಗಟ್ಟಲೆ ಹೋಗುವಂತೆ ಕಾಣುತ್ತಿತ್ತು.

“ಇನ್ನು ಬರೆದ್ರೂ ಅಚ್ಚು ಹಾಕೋರಿಲ್ಲ, ಎಮರಿ.”

“ಒಂದೇ ಪ್ರತಿ ಸಾಕು. ಓದುಗ ಇಲ್ಲೇ ಇದಾನೆ.”

“ಏನು ಬರೀಲಿ?”

ಅವನು ಅವಳನ್ನೇ ನೋಡಿದ. “ಒಂದು ಮನೆ. ನಮ್ಮಿಬ್ಬರಿಗೆ. ಪೂರ್ತಿ ಅಳತೇಲಿ. ತೆವಳ್ಕೊಂಡು ಹೋಗೋಕೆ ನನ್ ಕೈಲಾಗಲ್ಲ.”

ವರ್ನಾ ಅವನ ಜೇಬಿನಿಂದ ಪೆನ್ಸಿಲ್ ಎಳೆದುಕೊಂಡಳು.

“ನೆಟ್ಟಗೆ ನಿಲ್ಲು,” ಎಂದಳು, “ಬಾಗಿಲು ನಿನ್ನ ಎತ್ತರ ನೋಡ್ಕೊಂಡೇ ಬರೀತೀನಿ.”